ಉರಿ ಗೊತ್ತಾಗದವನು

ನನ್ನ ತಮ್ಮ ಮುತ್ತಣ್ಣನಿಗೆ ಸಕ್ಕರೆ ಕಾಯಿಲೆ ಬಂದಾಗ ಅವನಿನ್ನೂ ಮೂರನೇ ಇಯತ್ತೆಯ ಹುಡುಗ. ಗದಗ ಬೇರೆ ಜಿಲ್ಲೆಯಾದ ವರ್ಷ ಅದು. ನಮ್ಮೂರು ಹಮ್ಮಿಗಿಯಲ್ಲಿ ಆಗ ಸಕ್ಕರೆ ಕಾಯಿಲೆ ಅಂದರೆ ಉಂಡು ಕೂತ ಗೌಡರಿಗೆ, ಹೊಟ್ಟೆ ಬಂದ ಅಂಗಡಿಕಾರರಿಗೆ ಬರುವಂಥದ್ದು. ಎಲುಬು ಚರ್ಮ ಎರಡೇ ಇದ್ದ ಹುಡುಗನಿಗೆ ಅದು ಬಂದಿದೆ ಅಂದರೆ ಊರು ನಂಬಲಿಲ್ಲ, ಯಾರೋ ಮಾಟ ಮಾಡಿಸಿದ್ದಾರೆ ಅಂದರು. ಗದಗಿನ ಡಾಕ್ಟರು ಮಾತ್ರ, ಈ ಹುಡುಗನ ಮೈ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟುಬಿಟ್ಟಿದೆ, ಬದುಕಿರುವವರೆಗೂ ದಿನಾ ಚುಚ್ಚಬೇಕು ಎಂದು ಹೇಳಿ ಕಳಿಸಿದರು.

ನಮ್ಮ ಅವ್ವ ಕರೆವ್ವ ಸೂಜಿ ಕಂಡರೆ ಕಣ್ಣು ಮುಚ್ಚುವವಳು. ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದ. ಹೀಗಾಗಿ ಸೂಜಿ ನನ್ನ ಪಾಲಿಗೆ ಬಂತು. ನನ್ನನ್ನು ಬೇರೆ ಊರಿಗೆ ಕೊಟ್ಟರೆ ತಮ್ಮನ ಗತಿ ಏನು ಅಂತ ಅದೇ ಓಣಿಯಲ್ಲಿದ್ದ ಸೋದರಮಾವನ ಮಗನಿಗೇ ಕೊಟ್ಟರು. ಗಂಡ ಒಳ್ಳೆಯವನೇ ಸಿಕ್ಕ, ಅದು ಬೇರೆ ಮಾತು. ಮುಂಜಾನೆ ನನ್ನ ಮನೆಯ ಒಲೆ ಹೊತ್ತಿಸುವ ಮೊದಲು ತವರಿಗೆ ಹೋಗಿ ಚುಚ್ಚಿ ಬರಬೇಕು, ಸಂಜೆ ಅಂಗನವಾಡಿ ಕೆಲಸ ಮುಗಿಸಿ ಮತ್ತೆ ಹೋಗಬೇಕು. ದೊಡ್ಡವನಾಗಿ ಅವನು ತಾನೇ ಚುಚ್ಚಿಕೊಳ್ಳಲು ಕಲಿತ ಮೇಲೂ ನಾನು ಹೋಗಿ ಎದುರಿಗೆ ನಿಲ್ಲದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಇಷ್ಟಾದರೂ ಅವನನ್ನು ಬದುಕಿಸಿದ ಹೆಸರು ನನಗೆ ಬರಲಿಲ್ಲ. ಅದು ಪೀರಲ ದೇವರಿಗೆ ಹೋಯಿತು.

ನಮ್ಮೂರ ಮೊಹರಮ್ಮಿಗೆ ಜಾತಿಯಿಲ್ಲ. ದೇವರನ್ನು ಕೂರಿಸುವವರು ಮುಲ್ಲಾನ ಮನೆಯವರು, ಹೊರುವವರು ನಮ್ಮಂಥವರು. ಹಸ್ತದ ಆಕಾರದ ಬೆಳ್ಳಿಯ ಪಂಜಾವನ್ನು ಉದ್ದನೆಯ ಗಳಕ್ಕೆ ಕಟ್ಟಿ, ಹಸಿರು ಬಟ್ಟೆ ಸುತ್ತಿ, ಹೂವಿನ ಸರಗಳನ್ನು ಇಳಿಬಿಟ್ಟರೆ ಹೊತ್ತವನ ಕೊರಳ ನರ ಉಬ್ಬುವಷ್ಟು ಭಾರ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡಿ, ಕಟ್ಟಿಗೆ ಒಟ್ಟಿ, ಕೆಂಡ ಮಾಡುತ್ತಾರೆ. ದೇವರು ಹಿಡಿದವನು ಮೊದಲು ಆ ಕೆಂಡ ಹಾಯುತ್ತಾನೆ, ಹರಕೆ ಹೊತ್ತವರು ಅವನ ಹಿಂದೆ. ತಮ್ಮ ಗದಗಿನ ದವಾಖಾನೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾಗ ಅವ್ವ ಹರಕೆ ಹೊತ್ತಳು: ಇವನನ್ನು ಉಳಿಸಿಕೊಡು, ಕಾಲು ಗಟ್ಟಿಯಾದ ಮೇಲೆ ಅವನೇ ನಿನ್ನನ್ನು ಹೊತ್ತು ಕೆಂಡ ಹಾಯುತ್ತಾನೆ, ಮೈಯಲ್ಲಿ ಉಸಿರಿರುವ ತನಕ. ನಾನು ಸೂಜಿ ಹಿಡಿದೆ, ಅವಳು ಹರಕೆ ಹಿಡಿದಳು. ಪ್ರತಿ ವರ್ಷ ಮಗನ ಹೆಸರಿನಲ್ಲಿ ಪೀರನ ಮುಂದೆ ಸಕ್ಕರೆ ಇಟ್ಟು ಓದಿಸಿ ಹಂಚುತ್ತಿದ್ದಳು. ಮಗ ಅದರ ಒಂದು ಹರಳನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಊರ ಹುಡುಗರು ಮುಕ್ಕುತ್ತಿದ್ದರು.

ಮುತ್ತಣ್ಣ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಉಳಿದ ದಿನಗಳಲ್ಲಿ ಅವನು ಊರಿಗೆ 'ಸಕ್ಕರಿ ಮುತ್ತ'. ಸಕ್ಕರೆ ಇರುವವನಿಗೆ ಹೆಣ್ಣು ಕೊಡುವವರಿಲ್ಲ, ಮದುವೆ ಮಾತು ಎರಡು ಮನೆಯ ಹೊಸ್ತಿಲಲ್ಲೇ ಮುರಿದಿತ್ತು. ಆದರೆ ಮೊಹರಮ್ಮಿನ ದಿನ ಅದೇ ಜನ ಅವನ ಕಾಲಿಗೆ ನೀರು ಹಾಕಿ, ಕೂಸುಗಳನ್ನು ತಂದು ಅವನ ಪಾದದ ಮುಂದೆ ಮಲಗಿಸುತ್ತಿದ್ದರು. ಕಾರಣವಿತ್ತು. ಎಲ್ಲರೂ ಕೆಂಡವನ್ನು ಓಡಿ ದಾಟುತ್ತಾರೆ. ಅವನೂ ಮೊದಮೊದಲು ಓಡುತ್ತಿದ್ದ. ಬರಬರುತ್ತ ಓಡುವುದನ್ನು ಬಿಟ್ಟ. ಹೊಲದ ಬದುವಿನ ಮೇಲೆ ಹೋಗುವವನ ಹಾಗೆ, ದೇವರನ್ನು ಹೊತ್ತು ನಿಧಾನಕ್ಕೆ ನಡೆದು ಬರುತ್ತಿದ್ದ. ಸುತ್ತಲಿನ ಹಳ್ಳಿಗಳಿಂದ ಅದನ್ನು ನೋಡಲೆಂದೇ ಜನ ಬರತೊಡಗಿದರು. ಪೀರ ಇವನ ಪಾದದಲ್ಲೇ ಬಂದು ಕೂತಿದ್ದಾನೆ ಅಂದರು. ಅವ್ವನ ಮುಖ ಆ ದಿನ ನೋಡಬೇಕಿತ್ತು. ಜನ್ಮದಲ್ಲಿ ನನ್ನನ್ನು ನೋಡಿ ಅವಳು ಹಾಗೆ ಬೀಗಿದ್ದಿಲ್ಲ.

ಆ ಪಾದಗಳನ್ನು ತೊಳೆದವಳು ನಾನು. ಹಬ್ಬದ ಮರುದಿನ ಅಂಗಾಲಿನಲ್ಲಿ ಗುಳ್ಳೆ ಎದ್ದಿರುತ್ತಿದ್ದವು. ಉರಿಯುತ್ತದೇನೋ ಅಂದರೆ ಇಲ್ಲ ಅನ್ನುತ್ತಿದ್ದ. ಕಳೆದ ವರ್ಷದ ಗಾಯ ದೀಪಾವಳಿ ಕಳೆದರೂ ಮಾಯಲಿಲ್ಲ. ಅವ್ವ ಅದನ್ನು ಗಿರಣಿಯಲ್ಲಿ ಏನೋ ತುಳಿದದ್ದು ಅಂದುಕೊಂಡು, ಅಲಾಯಿ ಕುಣಿಯ ಬೂದಿಯನ್ನೇ ತಂದು ಒತ್ತುತ್ತಿದ್ದಳು. ನಾನು ಬೈಯುತ್ತ ಅದನ್ನು ತೊಳೆದು ಮುಲಾಮು ಹಚ್ಚುತ್ತಿದ್ದೆ. ದೇವರು ಸುಟ್ಟ ಕಾಲು ಇದು, ದೇವರ ಬೂದಿಯಿಂದಲೇ ವಾಸಿಯಾಗುತ್ತದೇನು ಎಂದರೆ, ದೇವರು ಸುಡುವುದಿಲ್ಲ ಎನ್ನುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗುತ್ತಿತ್ತು ನನ್ನ ಮಾತು.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಗದಗಿನ ಪಕ್ಕದ ಮಲ್ಲಸಮುದ್ರದ ದೊಡ್ಡ ದವಾಖಾನೆಯಲ್ಲಿ, ಚಿಕ್ಕಂದಿನಿಂದ ಇನ್ಸುಲಿನ್ ಮೇಲಿದ್ದವರನ್ನೆಲ್ಲ ಕರೆದು ರಕ್ತ ತೆಗೆದುಕೊಂಡರು. ಸಕ್ಕರೆ ನೋಡುವುದಕ್ಕಲ್ಲ, ಹೃದಯ ನೋಡುವುದಕ್ಕೆ. ರಕ್ತದಲ್ಲಿ ಹೃದಯವನ್ನು ಹೇಗೆ ನೋಡುತ್ತಾರೆ ಎಂದು ನಾವಿಬ್ಬರೂ ಬಸ್ಸಿನಲ್ಲಿ ನಗುತ್ತಲೇ ಬಂದೆವು. ಸ್ವಲ್ಪ ದಿನದ ಮೇಲೆ ಫೋನು ಬಂತು, ಮನೆಯವರೊಬ್ಬರನ್ನು ಕರೆದುಕೊಂಡು ಬರಬೇಕಂತೆ. ಆಗ ನಗು ಬರಲಿಲ್ಲ.

ಡಾಕ್ಟರ್ ಸ್ನೇಹಾ ಲಕ್ಷ್ಮೇಶ್ವರದ ಕಡೆಯ ಹುಡುಗಿ, ನನ್ನ ಮಗಳ ವಾರಿಗೆಯವಳು. ಮುತ್ತಣ್ಣನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಅಂಗಾಲಿಗೆ ನೈಲಾನ್ ದಾರದ ತುದಿ ಒತ್ತಿದಳು. ಮುಟ್ಟಿದ್ದು ಗೊತ್ತಾದಾಗ ಹೇಳ್ರಿ ಅಂದಳು. ಅವನು ಸುಮ್ಮನೆ ಮಲಗಿದ್ದ. ಹಿಮ್ಮಡಿ, ಬೆರಳು, ನಡುಪಾದ, ಎಲ್ಲ ಕಡೆ ಒತ್ತಿದಳು. ಅವನು ಕೊನೆಗೆ, ಶುರು ಮಾಡ್ರಿ ಡಾಕ್ಟರ್ ಅಂದ. ನಾನು ಸೆರಗು ಬಾಯಿಗಿಟ್ಟುಕೊಂಡೆ.

ಆಮೇಲೆ ಅವಳು ನಿಧಾನವಾಗಿ ಹೇಳಿದಳು. ಹೃದಯದ ಸ್ನಾಯು ನೊಂದರೆ ಅದರೊಳಗಿನ ಒಂದು ಪ್ರೋಟೀನು ಸೋರಿ ರಕ್ತಕ್ಕೆ ಬರುತ್ತದೆ, ಗಟ್ಟಿ ಹೃದಯದವರಲ್ಲಿ ಅದು ಇದ್ದೂ ಇಲ್ಲದಷ್ಟು. ಹೃದಯದ ಮೇಲೆ ಭಾರ ಬಿದ್ದಾಗ ಏರುವ ಇನ್ನೊಂದು ಪ್ರೋಟೀನೂ ಇದೆ. ಮುತ್ತಣ್ಣನ ರಕ್ತದಲ್ಲಿ ಎರಡೂ ಏರಿದ್ದವು. ಚಿಕ್ಕಂದಿನಿಂದ ಸಕ್ಕರೆ ಇದ್ದವರಿಗೆ ಹೃದಯದ ಕಾಯಿಲೆ ಎಲ್ಲರಿಗಿಂತ ಮೊದಲು ಬರಬಹುದು, ಬಂದದ್ದು ತಿಳಿಯದೆಯೂ ಇರಬಹುದು. ಹುಬ್ಬಳ್ಳಿಗೆ ಹೋಗಿ ರಕ್ತನಾಳ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಭಾರ ಹೊರಬಾರದು, ಬೆಂಕಿಯ ಹತ್ತಿರ ಹೋಗಬಾರದು, ಉಪವಾಸ ಇರಬಾರದು.

ನಾನು ಕೇಳಿದೆ, ಎದೆ ಒಂದು ದಿನವೂ ನೋಯಲಿಲ್ಲವಲ್ಲ ಅಂತ.

"ಅದ ನೋಡ್ರಿ ಅಂಜಿಕಿ," ಅಂದಳು ಸ್ನೇಹಾ. "ಕಾಲಾಗ ಸತ್ತ ನರ ಎದ್ಯಾಗೂ ಸತ್ತಿರಬಹುದು. ನೋವು ಬಂದು ಹೇಳಬೇಕಾಗಿತ್ತು, ಅದು ಬರವಲ್ದು. ರಕ್ತ ಒಂದ ಹೇಳಾಕತ್ತೈತಿ. ಅದರ ಮಾತರ ಕೇಳ್ರಿ."

ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಹಮ್ಮಿಗಿ ಬಸ್ಸಿಗೆ ಕಾಯುತ್ತ ಕೂತಾಗ ಮುತ್ತಣ್ಣ ಹುಬ್ಬಳ್ಳಿಗೆ ಹಬ್ಬ ಮುಗಿಸಿ ಹೋಗೋಣ ಅಂದ. ನನಗೆ ತಲೆಗೇರಿತು. ನಾಕು ಜನ ತಿರುಗಿ ನೋಡುವ ಹಾಗೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು ನೆಲ ನೋಡುತ್ತ ಹೇಳಿದ:

"ಅಕ್ಕಾ, ವರ್ಷದಾಗ ಆ ಒಂದ ದಿನ ನಾನೂ ಒಬ್ಬ ಮನಶ್ಯಾ ಅನಸ್ಕೋತೀನಿ. ಅದನ್ನೂ ಕಸಗೋಬ್ಯಾಡ. ಮತ್ತ, ಹರಕಿ ಮುರದ್ರ ಅವ್ವ ಉಳಿಯಂಗಿಲ್ಲ."

ಈ ಸಲ ಸಿಟ್ಟು ಅವನ ಮೇಲಲ್ಲ, ಅವನನ್ನು ಒಂದು ದಿನದ ಮನುಷ್ಯನನ್ನಾಗಿ ಮಾಡಿದ ಊರಿನ ಮೇಲೆ ಬಂತು. ಆದರೆ ಊರನ್ನು ಬೈದು ತಮ್ಮನನ್ನು ಉಳಿಸಿಕೊಳ್ಳಲಾಗುವುದಿಲ್ಲ. ಅವನ ಕೈಗೆ ಪಂಜಾ ಸಿಗದ ಹಾಗೆ ಮಾಡಬೇಕು, ಅಷ್ಟೇ.

ಹಬ್ಬ ಎದುರಿಗೇ ಇತ್ತು, ಆಷಾಢದಲ್ಲಿ ಬಂದಿತ್ತು. ಮಸೂತಿಯ ಮುಲ್ಲಾ ದಾದಾಪೀರ ಕಾಕಾ ನಮ್ಮ ಅಪ್ಪನ ಗೆಳೆಯ. ಪಂಜಾ ಕಟ್ಟುವವನು, ಹೊರುವವನ ಕೈಗೆ ಅದನ್ನು ಕೊಡುವವನು ಅವನೇ. ಹೋಗಿ ಎಲ್ಲ ಹೇಳಿದೆ. ಈ ವರ್ಷ ಮುತ್ತನಿಗೆ ದೇವರು ಕೊಡಬೇಡ ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಪೇಚು ಕಾಕಾನದು. ಕೊಡದೆ ಇದ್ದು ಮುಂದೆ ಹುಡುಗನಿಗೇನಾದರೂ ಆದರೆ ಮುಲ್ಲಾ ದೇವರನ್ನು ತಡೆದ ಅಂತ ಊರು ಅನ್ನುತ್ತದೆ. ಕೊಟ್ಟು ಏನಾದರೂ ಆದರೆ ಅವನ ಮನಸ್ಸೇ ಅವನನ್ನು ಬಿಡುವುದಿಲ್ಲ. ಕೊನೆಗೆ, ಹರಕೆ ಕಟ್ಟಿದವಳು ಕರೆವ್ವ, ಬಿಚ್ಚುವುದಕ್ಕೂ ಅವಳೇ ಬೇಕು, ನಡೆ ಹೋಗೋಣ ಅಂತ ಚಪ್ಪಲಿ ಮೆಟ್ಟಿಕೊಂಡು ನನ್ನ ಜತೆಗೇ ಬಂದ.

ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುತ್ತಣ್ಣ ಗಿರಣಿಯಿಂದ ಆಗಷ್ಟೇ ಬಂದು ಹಿಟ್ಟಿನ ಮೈಯಲ್ಲೇ ಬಾಗಿಲಿಗೆ ಒರಗಿ ನಿಂತ. ನಿನ್ನ ಮಗನ ಹೃದಯ ಸವೆಯುತ್ತಿದೆ, ಸವೆದದ್ದು ರಕ್ತದಲ್ಲಿ ಕಂಡಿದೆ ಎಂದು ನಾನು ಹೇಳಿದೆ. ಅವ್ವ ಮೊರ ಕೆಳಗಿಡಲಿಲ್ಲ. ಮಗನ ಕಡೆ ತಿರುಗಿ ಎದೆ ನೋಯುತ್ತದೇನೋ ಎಂದು ಕೇಳಿದಳು. ಇಲ್ಲ ಅಂದ. ಉಸಿರು ಹಿಡಿಯುತ್ತದೇನು? ಭಾರ ಹತ್ತಿದಾಗ ಸ್ವಲ್ಪ, ಅಷ್ಟೇ, ಅಂದ.

"ನೋವಿಲ್ಲಂದ ಮ್ಯಾಲೆ ರೋಗ ಎಲ್ಲೀದು?" ಅಂದಳು ಅವ್ವ. ಡಾಕ್ಟರುಗಳು ಅವನು ಚಿಕ್ಕವನಿದ್ದಾಗಲೂ ಹೀಗೇ ಅಂಜಿಸಿದ್ದರು, ಆಗ ಉಳಿಸಿದವನು ಈಗ ಕೈ ಬಿಡುತ್ತಾನೇನು, ಹರಕೆ ತಪ್ಪಿದ ದಿನ ನನ್ನ ಮಗ ಹೋಗುತ್ತಾನೆ ಎಂದಳು. ಮತ್ತೆ ಜೋಳ ಕೇರತೊಡಗಿದಳು.

ನಾನು ಆ ಮೊರ ಕಸಿದುಕೊಂಡೆ. ಜೋಳ ಪಡಸಾಲೆ ತುಂಬ ಚೆಲ್ಲಿತು.

"ನಾ ಚುಚ್ಚಿದ್ದು ಯಾವ ಲೆಕ್ಕಕ್ಕೂ ಇಲ್ಲೇನ್ ಬೇ? ಆ ದೇವರು ಒಂದ ದಿನ ಬಂದು ಸೂಜಿ ಹಿಡದಾನೇನು? ನನ್ನ ಬಾಳನ್ನ ಇವನ ಸುತ್ತ ಸುತ್ತೇನಿ. ಒಂದ ವರ್ಷ, ಒಂದ ವರ್ಷ ನನ್ನ ಮಾತು ನಡೀಲಿ."

ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ. ದಾದಾಪೀರ ಕಾಕಾ ಬಗ್ಗಿ ಚೆಲ್ಲಿದ ಜೋಳವನ್ನು ಕೈಯಿಂದ ಗುಡ್ಡೆ ಮಾಡತೊಡಗಿದ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಅವಳು ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ಅವಳು ಕಾಕಾನನ್ನು ಕೇಳಿದಳು, ಹರಕೆ ಹೊತ್ತವರೇ ಕೆಂಡಕ್ಕಿಳಿದರೆ ದೇವರು ಒಲ್ಲೆ ಅನ್ನುತ್ತಾನೇನು ಎಂದು. ಅನ್ನುವುದಿಲ್ಲ ಅಂದ ಕಾಕಾ, ಆದರೆ ನಮ್ಮೂರಲ್ಲಿ ಹೆಂಗಸರು ಕೆಂಡಕ್ಕೆ ಉಪ್ಪು ಎರಚುವವರು, ಇಳಿಯುವವರಲ್ಲ, ಅದೂ ಈ ವಯಸ್ಸಿನಲ್ಲಿ.

"ಹರಕಿ ನಂದು. ಕಾಲೂ ನಂದ ಇರ್ಲಿ," ಅಂದಳು ಅವ್ವ.

ಅವಳು ನನ್ನ ಮಾತನ್ನು ಒಪ್ಪಿದ್ದಲ್ಲ. ನನ್ನ ಅಳು ನೋಡಲಾರದೆ ಒಂದು ದಾರಿ ಹುಡುಕಿದ್ದು. ಮಗ ಒಂದು ವರ್ಷ ವಿಶ್ರಾಂತಿ ತೆಗೆದುಕೊಳ್ಳಲಿ, ದೇವರಿಗೆ ಸಲ್ಲುವುದು ಸಲ್ಲಲಿ ಎನ್ನುವ ಲೆಕ್ಕ. ಅವಳಿಗೆ ಭಯವಿರಲಿಲ್ಲ. ಮಗನನ್ನು ಇಷ್ಟು ವರ್ಷ ಸುಡದ ಬೆಂಕಿ ತಾಯಿಯನ್ನು ಯಾಕೆ ಸುಟ್ಟೀತು? ಮುತ್ತಣ್ಣನೂ ಕೈಕಾಲು ಹಿಡಿದು ಬೇಡಿಕೊಂಡ, ನಾನೇ ಹೊರುತ್ತೇನೆ ಬಿಡು ಅಂದ. ಅವಳು ಕೇಳಲಿಲ್ಲ. ಮೊಂಡುತನದಲ್ಲಿ ನಮ್ಮ ಮನೆಯ ಮೂವರೂ ಒಂದೇ ಹಿಟ್ಟಿನ ರೊಟ್ಟಿ. ನಾನು ಹೇಳಿದ್ದು ಒಂದೇ ಮಾತು, ಓಡಿ ದಾಟು, ಎಲ್ಲರ ಹಾಗೆ ಓಡಿಬಿಡು. ಅದಕ್ಕವಳು, ನನ್ನ ಮಗ ಓಡುತ್ತಿದ್ದನೇನು ಅಂದಳು.

ಹಬ್ಬದ ದಿನ ಬೆಳಗಾಗುತ್ತಲೇ ನಾನು ತವರಿಗೆ ಹೋಗಿ ಮುತ್ತಣ್ಣನಿಗೆ ಇನ್ಸುಲಿನ್ ಕೊಟ್ಟು, ಎದುರಿಗೆ ಕೂತು ರೊಟ್ಟಿ ತಿನ್ನಿಸಿದೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನು ಆ ದಿನ ಉಪವಾಸ ಬಿಟ್ಟು ಹೊಟ್ಟೆ ತುಂಬಿಸಿಕೊಂಡಿದ್ದ. ಮಸೂತಿಯ ಮುಂದೆ ಹಲಗೆ ಬಡಿಯುತ್ತಿದ್ದರು, ಊದಿನ ಹೊಗೆ ಎದ್ದಿತ್ತು. ಪಂಜಾ ಮುತ್ತಣ್ಣನ ಕೈಯಲ್ಲಿಲ್ಲ ಅಂತ ತಿಳಿದು ಜನ ಪಿಸುಗುಟ್ಟಿದರು. ನೋಡಲೆಂದು ಬಂದ ಬೇರೆ ಊರಿನವರು ಬಾಯಿಬಿಟ್ಟೇ ಬೇಸರ ಪಟ್ಟರು. ಅವನು ಬರಿಗಾಲಲ್ಲಿ ನನ್ನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಅವನ ಅವಮಾನ ನನಗೆ ಗೊತ್ತಾಗುತ್ತಿತ್ತು, ಆದರೂ ಅವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ. ಬದುಕಿದ್ದರೆ ಅವಮಾನ ತೊಳೆದುಹೋಗುತ್ತದೆ.

ದಾದಾಪೀರ ಕಾಕಾನೇ ದೇವರನ್ನು ಹಿಡಿದ. ಮೊದಲು ಅವನು ದಡಬಡ ದಾಟಿಹೋದ. ಹಿಂದೆ ಅವ್ವ ಇಳಿದಳು.

ಒಂದು ಹೆಜ್ಜೆ ಇಟ್ಟಳು, ಮುಖದಲ್ಲಿ ಏನೂ ಆಗಲಿಲ್ಲ. ಮಗ ನಡೆಯುತ್ತಿದ್ದ ಹಾಗೆಯೇ ನಿಧಾನಕ್ಕೆ ಇನ್ನೊಂದು ಪಾದ ಎತ್ತಿ ಇಟ್ಟಳು. ಆಗ ಅವಳ ಮುಖ ನಾನು ಎಂದೂ ಕಾಣದ ಹಾಗೆ ಸೊಟ್ಟಗಾಯಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ಓಡು ಬೇ ಅಂತ ನಾನು ಕೂಗಿದೆ. ಅವಳಿಗೆ ಓಡಲು ಬರಲಿಲ್ಲ, ಹಿಂದಕ್ಕೆ ಬರಲೂ ತಿಳಿಯಲಿಲ್ಲ. ಕೆಂಡದ ನಡುವೆ ಮೊಣಕಾಲು ಬಾಗಿ ಕುಸಿಯುತ್ತಿದ್ದಳು.

ನನ್ನ ಕೈ ಕೊಡವಿಕೊಂಡು ಮುತ್ತಣ್ಣ ಇಳಿದದ್ದು ನನಗೆ ಗೊತ್ತಾಗಲೇ ಇಲ್ಲ. ನೋಡುವಷ್ಟರಲ್ಲಿ ಅವಳನ್ನು ಕೂಸಿನ ಹಾಗೆ ಎರಡೂ ತೋಳಿನಲ್ಲಿ ಎತ್ತಿಕೊಂಡಿದ್ದ. ಎತ್ತಿಕೊಂಡವನು ಹೊರಗೆ ಬರಬೇಕಲ್ಲ? ಬರಲಿಲ್ಲ. ಅಲ್ಲೇ ನಿಂತ. ಕೆಂಡದಲ್ಲಿ ಪಾದವೂರಿ ನಿಂತು, ಬಗ್ಗಿ ಅವಳ ಮುಖ ನೋಡುತ್ತ, ಏನಾತು ಬೇ, ಎಲ್ಲಿ ನೋಯಾಕತ್ತೈತಿ ಅಂತ ಕೇಳುತ್ತಿದ್ದ.

ಅವ್ವ ಕೆಳಗೆ ನೋಡಿದಳು. ಅವನ ಪಾದದ ಸುತ್ತ ಕೆಂಡ ಕೆಂಪಗೆ ಉಸಿರಾಡುತ್ತಿತ್ತು. ಆಮೇಲೆ ಮೇಲೆ, ಅವನ ಮುಖ ನೋಡಿದಳು. ಆ ಮುಖದಲ್ಲಿ ಅವಳ ಚಿಂತೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಹೊರಗ ನಡಿಯೋ," ಅಂದಳು, "ಸುಡಾಕತ್ತೈತಿ."

"ಯಾರಿಗೆ ಬೇ?" ಅಂದ ಮುತ್ತಣ್ಣ.

ಅವಳು ಅವನ ಎದೆಗೆ ಗುದ್ದತೊಡಗಿದಳು. ಆ ಗುದ್ದಿಗೆ ಅವನು ಹಿಂದೆ ಸರಿದು ಸರಿದು ಹೊರಗೆ ಬಂದ. ಹಲಗೆಯವರು ಇನ್ನೂ ಬಡಿಯುತ್ತಿದ್ದರು. ಗುಂಪಿನಲ್ಲಿ ಯಾರೋ ಹೆಂಗಸು ಎಂದಿನಂತೆ ತಂಬಿಗೆ ತಂದು ಅವನ ಪಾದಕ್ಕೆ ನೀರು ಹಾಕಿ ಕಣ್ಣಿಗೊತ್ತಿಕೊಳ್ಳಲು ಬಂದಳು. ಅವ್ವ ಆ ತಂಬಿಗೆಯನ್ನು ಕೈಯಿಂದ ತಳ್ಳಿಬಿಟ್ಟಳು. ಮುಟ್ಟಬೇಡಿ, ಅದು ಸುಟ್ಟ ಕಾಲು ಅಂತ ಕೂಗಿದಳು. ಹಾಗೆ ಕೂಗಿದ್ದು ನಮ್ಮ ಅವ್ವನೇ ಏನು ಅಂತ ನನಗೆ ನಂಬಿಕೆ ಬರಲಿಲ್ಲ.

ದಾದಾಪೀರ ಕಾಕಾ ಪಂಜಾವನ್ನು ಗೋಡೆಗೆ ಆನಿಸಿ, ಯಾರನ್ನೋ ಓಡಿಸಿ ಟಂಟಂ ಆಟೋ ತರಿಸಿದ. ತಾಯಿ ಮಗ ಇಬ್ಬರ ಕಾಲಿಗೂ ನಾನು ತಣ್ಣೀರು ಸುರಿದು ಒದ್ದೆ ಬಟ್ಟೆ ಸುತ್ತಿದೆ. ದಾರಿಯುದ್ದಕ್ಕೂ ಅವ್ವ ತುಟಿ ಕಚ್ಚಿ ನರಳುತ್ತಿದ್ದಳು. ಮುಂಡರಗಿ ದಾಟಿದ ಮೇಲೆ ಒಂದು ಸಲ ಮುತ್ತಣ್ಣನ ಕಾಲಿನ ಬಟ್ಟೆ ಬಿಚ್ಚಿ ನೋಡಿದಳು. ಅವನ ಅಂಗಾಲೂ ಅವಳದರ ಹಾಗೆಯೇ ಬೆಂದಿತ್ತು, ಅವಳದಕ್ಕಿಂತ ಹೆಚ್ಚೇ. ಅವನು ಹೊರಗೆ ನೋಡುತ್ತ, ಗಿರಣಿ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಕೇಳುತ್ತಿದ್ದ. ಹಣೆ ಮಾತ್ರ ಬೆವರುತ್ತಿತ್ತು, ತಂಪು ಗಾಳಿಯಲ್ಲಿ. ಸಕ್ಕರೆ ಇಳಿಯಿತೇ ಎಂದು ಬೆರಳು ಚುಚ್ಚಿ ನೋಡಿದೆ. ಇಳಿದಿರಲಿಲ್ಲ. ಹಾಗಾದರೆ ಆ ಬೆವರು ಎಲ್ಲಿಯದು ಎಂದು ನನಗೆ ತಿಳಿಯಿತು, ಅವ್ವನಿಗೂ ತಿಳಿಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಡ್ರೈವರನಿಗೆ ಜಲ್ದಿ ಹೊಡಿಯಪ್ಪಾ ಅಂದಳು ಅವಳು.

ಮಲ್ಲಸಮುದ್ರದಲ್ಲಿ ಸ್ಟ್ರೆಚರು ತಂದವರು ಅವ್ವನ ನರಳಾಟ ಕೇಳಿ ಮೊದಲು ಅವಳನ್ನೇ ಎತ್ತಲು ಬಂದರು. ಮುತ್ತಣ್ಣನೂ ಅವಳ ತಲೆಯ ಕಡೆಗೆ ಕೈ ಕೊಟ್ಟು, ಹುಷಾರು, ಹುಷಾರು ಅನ್ನುತ್ತಿದ್ದ. ಸ್ನೇಹಾ ಓಡಿ ಬಂದಳು. ಅವ್ವ ಟಂಟಂನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ಎತ್ತಗೊಡಲಿಲ್ಲ.

"ನನ್ನ ಆಮ್ಯಾಲೆ ನೋಡ್ರಿ," ಅಂದಳು. "ನನಗ ಉರಿಯಾಕತ್ತೈತಿ, ನಾ ಬದುಕತೀನಿ. ಇವಗ ಏನೂ ಆಗವಲ್ದು. ಇವನ್ನ ಮೊದಲ ನೋಡ್ರಿ."